ಕುದುರೆಗೂ ಪಾಸ್‌ಪೋರ್ಟು

ಕೊರಟಗೆರೆ ದಾಟಿ ಮಧುಗಿರಿಯ ಏಕಶಿಲಾ ಬೆಟ್ಟ ಕಣ್ಣಿಗೆ ಬೀಳುವಷ್ಟರಲ್ಲಿ ಬಸ್ಸಿನೊಳಗಿನ ಮಾತೆಲ್ಲ ಕುರಿ ರೇಟಿಗೆ ಬಂದು ನಿಂತಿತ್ತು. ಶಿರಾ ಸಂತೆಯಲ್ಲಿ ಬಾಡಿನ ಪರೀಕ್ಷೆ ಜೀವಂತ ಕುರಿಯ ಮೇಲೇ ನಡೆಯುತ್ತದೆ. ಸೊಂಟದ ಮೇಲೆ ಹೆಬ್ಬೆರಳೊತ್ತಿ ಕೊಬ್ಬು ನೋಡುತ್ತಾರೆ, ತುಟಿ ಸರಿಸಿ ಹಲ್ಲು ನೋಡುತ್ತಾರೆ, ಕಣ್ಣಿನ ರೆಪ್ಪೆ ಬಿಡಿಸುತ್ತಾರೆ. ಒಳಗೆ ಬಿಳಿಚಿದ್ದರೆ ಹೊಟ್ಟೆಯಲ್ಲಿ ಜಂತು ಇದೆಯೆಂದು ಅನುಮಾನ, ರೇಟು ಇಳಿಯಿತು. ವ್ಯಾಪಾರ ಕುದುರುವುದು ಟವೆಲ್ಲಿನಡಿ, ಬೆರಳು ಹಿಡಿದು.

ಪಾವಗಡ ಸೇರಿದಾಗ ಬಿಸಿಲು ನೆತ್ತಿಗೇರಿತ್ತು. ಟೀ ಅಂಗಡಿಯಲ್ಲಿ ಸಿಕ್ಕ ಕುರಿಗಾಹಿ ಯಜಮಾನರಿಗೆ ಜಪಾನಿನ ಕುಮಾಮೊಟೊ ಊರಿನ ಸುದ್ದಿ ಹೇಳಿದೆ. ಅಲ್ಲಿ ಕುದುರೆ ಬಾಡನ್ನು ತೆಳ್ಳಗೆ ಹೆರೆದು, ಬೆಳ್ಳುಳ್ಳಿ, ಶುಂಠಿ, ಸೋಯಾ ಸಾಸಿನ ಜೊತೆ ತಿನ್ನುತ್ತಾರೆ.

"ಬೇಯ್ಸಿ ತಾನೆ?"

"ಇಲ್ಲ, ಹಸೀದೇ."

"ಥೂ! ಹೊಟ್ಟೆ ಏನಾಗ್ಬೇಕು ಸಾ?"

ಕೇಳಿದ್ದು ಸರಿಯಾಗಿಯೇ ಇತ್ತು. ಹಸಿ ಕುದುರೆ ಬಾಡು ತಿಂದವರಿಗೆ ವಾಂತಿಭೇದಿ ಆಗುತ್ತಿತ್ತು. ಅದರೊಳಗಿನ ಕಣ್ಣಿಗೆ ಕಾಣದ ಒಂದು ಪರಾವಲಂಬಿಯೇ ಕಾರಣವೆಂದು ಗೊತ್ತಾಗಿ, ಮೈನಸ್ 20 ಡಿಗ್ರಿಯಲ್ಲಿ 48 ಗಂಟೆ ಹೆಪ್ಪುಗಟ್ಟಿಸಿಯೇ ಬಡಿಸಬೇಕೆಂದು 2011ರಲ್ಲಿ ಅಲ್ಲಿನ ಸರ್ಕಾರ ಸೂಚಿಸಿತು. ಫ್ರಾನ್ಸ್, ಇಟಲಿಗಳಲ್ಲಿ 1975ರಿಂದೀಚೆಗೆ ಇನ್ನೊಂದು ಹುಳದ ಕಾಟ: ಟ್ರೈಕಿನೆಲ್ಲಾ. ಅದು ಹಂದಿ ಬಾಡಿನಲ್ಲಿರುವ ಹುಳ. ಹುಲ್ಲು ತಿನ್ನುವ ಕುದುರೆಗೆ ಹೇಗೆ ಬಂತು? ಮೇವಿನಲ್ಲಿ ಮಾಂಸದ ಚೂರೋ ಸತ್ತ ಇಲಿಯೋ ಸೇರಿರಬೇಕೆಂಬುದು ತಜ್ಞರ ಅನುಮಾನ.

ನಮ್ಮಲ್ಲಿ ಕುದುರೆ ತಿನ್ನುವವರಿಲ್ಲ, ನಿಜ. ಆದರೆ ಪಾವಗಡದ ಸುತ್ತ ಬಹುಪಾಲು ಆಂಧ್ರ. ಆ ರಾಜ್ಯದ ಗುಂಟೂರು, ಪ್ರಕಾಶಂ ಕಡೆ ಉಬ್ಬಸಕ್ಕೆ, ಬೆನ್ನುನೋವಿಗೆ ಮದ್ದೆಂದು ಕತ್ತೆ ಬಾಡನ್ನು ಕದ್ದುಮುಚ್ಚಿ ಮಾರುವುದು ಪತ್ರಿಕೆಗಳಲ್ಲೇ ಬಂದಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2011ರ ನಿಯಮದಲ್ಲಿ ಮಾಂಸಕ್ಕೆ ಕಡಿಯಬಹುದಾದ ಪ್ರಾಣಿಗಳ ಪಟ್ಟಿಯಲ್ಲಿ ಕತ್ತೆಯೂ ಇಲ್ಲ, ಕುದುರೆಯೂ ಇಲ್ಲ. ಕದ್ದು ಕಡಿದದ್ದನ್ನು ಯಾವ ಪಶುವೈದ್ಯರೂ ನೋಡಿರುವುದಿಲ್ಲ.

ನನಗೆ ಹುಳಕ್ಕಿಂತ ಭಯ ಔಷಧಿಯದು. ಹುಳ ಬೆಂದರೆ ಸಾಯುತ್ತದೆ. ಕುರಿಯನ್ನು ಸಾಕುವಾಗಲೇ ಅದು ಯಾರದೋ ತಟ್ಟೆಗೆ ಹೋಗುವುದೆಂದು ಗೊತ್ತಿರುತ್ತದೆ. ನಮ್ಮದೇ ಜಿಲ್ಲೆಯ ಕುಣಿಗಲ್ ಸ್ಟಡ್ ಫಾರ್ಮಿನಲ್ಲಿ ಬೆಳೆದಂಥ ಕುದುರೆಯಾದರೆ ಓಡಲಿಕ್ಕೆ ಹುಟ್ಟಿದ್ದು. ಕಾಲು ನೊಂದರೆ ಫಿನೈಲ್‌ಬ್ಯುಟಜೋನ್ ಎಂಬ ನೋವಿನ ಮದ್ದು ಕೊಡುತ್ತಾರೆ. ಅಪರೂಪಕ್ಕಾದರೂ ಮನುಷ್ಯರಲ್ಲಿ ಅದು ರಕ್ತ ಹುಟ್ಟುವ ಮಜ್ಜೆಯನ್ನೇ ಕೆಡಿಸಬಲ್ಲದು. 2013ರಲ್ಲಿ ಯುರೋಪಿನ ದನದ ಮಾಂಸದ ಲಸಾನ್ಯ ಎಂಬ ತಿನಿಸಿನಲ್ಲಿ ಕುದುರೆ ಬಾಡು ಸಿಕ್ಕಾಗ ಗಾಬರಿ ಎದ್ದದ್ದು ಇದಕ್ಕೂ ಸೇರಿ.

ಈ ಔಷಧಿಯ ಕಥೆ ಕೇಳಿ ಯಜಮಾನರು ಲೋಟ ಕೆಳಗಿಟ್ಟರು. "ಕುರಿಗೆ ಸೂಜಿ ಹಾಕಿದ್ರೆ ಇಷ್ಟು ದಿನ ಕೊಯ್ಯಂಗಿಲ್ಲ ಅಂತಾರೆ ಡಾಕ್ಟ್ರು. ಇದಕ್ಕೆಷ್ಟು ದಿನ?"

"ದಿನದ ಲೆಕ್ಕವೇ ಇಲ್ಲ. ಒಮ್ಮೆ ಕೊಟ್ಟರೆ ಆ ಕುದುರೆಯನ್ನು ಮತ್ತೆಂದೂ ತಿನ್ನುವ ಹಾಗಿಲ್ಲ. ಯುರೋಪಿನಲ್ಲಿ ಅದರ ಪಾಸ್‌ಪೋರ್ಟಿನಲ್ಲೇ ಬರೆದಿಡುತ್ತಾರೆ."

"ಕುದ್ರೆಗೆ ಪಾಸ್‌ಪೋರ್ಟಾ? ನನ್ ಮಗ ದುಬೈಗೆ ಹೋಗ್ತೀನಂತ ಅರ್ಜಿ ಹಾಕೈತೆ ಸಾ, ಇನ್ನೂ ಬಂದಿಲ್ಲ."