ಚೈನ್ ಸಾ ಪುಡಿ ಉದುರಿಸ್ತಿದ್ಯಾ?

ಮರಗಸಿ ಶುರುವಾಗೋ ಹೊತ್ತು. ಯಾವ ಚೈನ್ ಸಾ ತಗೊಳ್ಳೋದು ಅಂತ ಸುಮಾರು ಜನ ಕೇಳ್ತಿದ್ದೀರಿ. ಮೊದಲು ಇರೋದರ ಚೈನ್ ಮಸೆದು ನೋಡಿ. ಹಲ್ಲು ಹರಿತ ಇದ್ರೆ ಚಕ್ಕೆ ಉದುರುತ್ತೆ, ಹಿಟ್ಟಿನ ಹಾಗೆ ಪುಡಿ ಬಂತು ಅಂದ್ರೆ ಮೊಂಡಾಗಿದೆ. ಆಗ ಮರದ ಮೇಲಿದ್ದವರು ಒತ್ತಿ ಕೊಯ್ಯಬೇಕು, ಕೈ ಸೋಲುತ್ತೆ. ಸೋತ ಕೈಯಲ್ಲಿ ಬಾರಿನ ತುದಿ ಕೊಂಬೆಗೆ ತಾಗಿದ್ರೆ ಮೆಷಿನ್ ಮುಖಕ್ಕೇ ಒದೆಯುತ್ತೆ.

.325 ಪಿಚ್ ಚೈನಿಗೆ 4.8 ಮಿ.ಮೀ. ದುಂಡು ಅರ ಬೇಕು. ಎರಡೂ ಕಡೆ ಹಲ್ಲಿಗೆ ಒಂದೇ ಲೆಕ್ಕದಲ್ಲಿ ಉಜ್ಜಿ, ಇಲ್ಲಾಂದ್ರೆ ಕೊಯ್ತ ಸೊಟ್ಟ ಹೋಗುತ್ತೆ. ಆಗಾಗ ಬಾರ್ ಮಗುಚಿ ಹಾಕಿ, ಚೈನ್ ಆಯಿಲ್ ಖಾಲಿಯಾಗೋಕೆ ಬಿಡಬೇಡಿ.

ಹೊಸದೇ ಬೇಕು ಅನ್ನೋರು ಚೈನ್ ಬ್ರೇಕ್ ಹಿಡಿಯುತ್ತಾ ಅಂತ ಅಂಗಡೀಲೇ ಸ್ಟಾರ್ಟ್ ಮಾಡಿಸಿ ನೋಡಿ. ಕೈ ದಪ್ಪದ ಕೊಂಬೆಗೆ ಮೆಷಿನ್ ಮೇಲೆ ಹತ್ತಿಸೋದೇ ಬೇಡ, ಕೈಗರಗಸ ಸಾಕು.