ಅಂಗೈಯ ಗುರಿ, ಕಂದರದಾಚೆಯ ಗುರಿ



ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ನೆಲೆಸಿ ಇಪ್ಪತ್ತು ವರ್ಷಗಳು ಸಂದಿವೆ. ಕೆಲವು ವರ್ಷಗಳಿಂದ ನಾನು ಮತ್ತು ನನ್ನ ಹದಿನಾಲ್ಕು ವರ್ಷದ ಮಗಳು ಸಾಂಪ್ರದಾಯಿಕ ಬಿಲ್ಲುವಿದ್ಯೆಯನ್ನು ಅಭ್ಯಸಿಸುತ್ತಿದ್ದೇವೆ. ಕಳೆದ ಬೇಸಿಗೆಯಲ್ಲಿ ಅಂತಹ ಒಂದು ಕೂಟದಲ್ಲಿ ನನಗಾದ ಅನುಭವವನ್ನು ನಿವೇದಿಸಿಕೊಳ್ಳಬೇಕೆಂದು ಈ ಲೇಖನ. ಬಿಲ್ಲಿಗೂ ವಚನ ಚಿಂತನೆಗೂ ಏನು ಸಂಬಂಧವೆಂದು ಕೆಲವರಿಗೆ ಅನ್ನಿಸಬಹುದು. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು.

ಈ ಕೂಟಗಳ ಸ್ವರೂಪವನ್ನು ಮೊದಲು ಅರಿಕೆ ಮಾಡುತ್ತೇನೆ. ಇಲ್ಲಿ ಗಾಲಿಗಳುಳ್ಳ ಆಧುನಿಕ ಬಿಲ್ಲುಗಳಿಗೆ ಅವಕಾಶವಿಲ್ಲ. ಗುರಿ ನೋಡುವ ಉಪಕರಣವನ್ನೂ ಬಿಲ್ಲಿಗೆ ಕಟ್ಟುವಂತಿಲ್ಲ. ಬರಿಯ ಬಿಲ್ಲು, ಹೆದೆ, ಬಾಣ, ಕಣ್ಣು, ಇಷ್ಟೇ. ಕಾಡಿನ ಕಾಲುದಾರಿಯುದ್ದಕ್ಕೂ ಜಿಂಕೆ, ಕರಡಿ, ಕಾಡುಕೋಳಿ ಮೊದಲಾದವುಗಳ ಫೋಮ್ ಆಕೃತಿಗಳನ್ನು ನಿಲ್ಲಿಸಿರುತ್ತಾರೆ. ವಿನೋದಕ್ಕೆಂದು ಒಂದೊಂದು ಕಡೆ ಡೈನೋಸಾರ್ ಕೂಡ ನಿಂತಿರುವುದುಂಟು. ಬಾಣ ಬಿಡುವವರು ನಿಲ್ಲಬೇಕಾದ ಸ್ಥಳದಲ್ಲಿ ಒಂದು ಗೂಟ ನೆಟ್ಟಿರುತ್ತಾರೆ. ಗುರಿ ಎಷ್ಟು ದೂರವೆಂದು ಯಾರೂ ಹೇಳುವುದಿಲ್ಲ. ಆಕೃತಿಯ ಎದೆಯ ಭಾಗದಲ್ಲಿ ವರ್ತುಲಗಳಿದ್ದು, ಒಳವರ್ತುಲಕ್ಕೆ ತಾಗಿದರೆ ಹೆಚ್ಚು ಅಂಕ, ಹೊರಗೆ ತಾಗಿದರೆ ಕಡಿಮೆ.

ದಯೆಯನ್ನು ಧರ್ಮದ ಬೇರೆಂದು ತಿಳಿದ ಮನೆತನದಲ್ಲಿ ಹುಟ್ಟಿದವನು ಪ್ರಾಣಿಯ ಆಕೃತಿಗೆ ಬಾಣ ಬಿಡಬಹುದೇ ಎಂಬ ಪ್ರಶ್ನೆ ನ್ಯಾಯವಾದುದು. ಅಲ್ಲಿ ಬರುವವರಲ್ಲಿ ಬೇಟೆಗಾರರು ಹಲವರು. ನಾನು ಬೇಟೆಗಾರನಲ್ಲ, ಆಗುವವನೂ ಅಲ್ಲ. ಫೋಮ್‌ನ ಆಚೆಗೆ ನನ್ನ ಬಾಣ ಹೋಗುವುದಿಲ್ಲವೆಂಬುದು ನಾನು ಹಾಕಿಕೊಂಡ ಗೆರೆ. ಮಗಳಿಗೂ ಅದನ್ನೇ ಹೇಳಿಕೊಟ್ಟಿದ್ದೇನೆ.

ಈ ಕೂಟಗಳ ವಿಶೇಷವಿರುವುದು ಗುರಿಗಳನ್ನು ಇಡುವ ರೀತಿಯಲ್ಲಿ. ಬಯಲಿನಲ್ಲಿ ಇಪ್ಪತ್ತು ಗಜ ದೂರದ ಜಿಂಕೆಗೆ ಬಾಣ ಬಿಡುವುದು ಅಭ್ಯಾಸವಿದ್ದವರಿಗೆ ಕಷ್ಟವಲ್ಲ. ಅದೇ ಜಿಂಕೆಯನ್ನು ಎರಡು ಮರಗಳ ನಡುವಿನ ಕಿರಿದಾದ ಸಂದಿನ ಆಚೆಗೆ ಇಟ್ಟರೆ ಕಣ್ಣು ಜಿಂಕೆಯನ್ನು ಬಿಟ್ಟು ಮರವನ್ನೇ ನೋಡತೊಡಗುತ್ತದೆ. ಬಾಣವೂ ಕಣ್ಣು ಹೋದಲ್ಲಿಗೇ ಹೋಗಿ ಮರಕ್ಕೆ ನಾಟುತ್ತದೆ. ಕೆರೆಯ ಆಚೆ ದಡದಲ್ಲಿಟ್ಟರೆ ನಡುವೆ ನೆಲವಿಲ್ಲದ ಕಾರಣ ದೂರದ ಅಂದಾಜು ಕೆಡುತ್ತದೆ. ಬಾಣವು ನೇರವಾಗಿ ಹಾರುವುದಿಲ್ಲವೆಂಬುದು ಇನ್ನೊಂದು ತೊಡಕು. ಸೆಕೆಂಡಿಗೆ 150 ಅಡಿ ವೇಗದ ಬಾಣವು 20 ಗಜ ಸಾಗುವಷ್ಟರಲ್ಲಿ ಹೊರಟ ರೇಖೆಯಿಂದ ಸುಮಾರು ಎರಡೂವರೆ ಅಡಿ ಕೆಳಗಿಳಿದಿರುತ್ತದೆ. ಆದ್ದರಿಂದ ಅದು ಕಮಾನಿನಂತೆ ಮೇಲೇರಿ ಇಳಿಯಬೇಕು. ಆ ಕಮಾನಿನ ತುದಿಗೆ ಸರಿಯಾಗಿ ಒಂದು ಕೊಂಬೆ ಬಾಗಿರುವ ಜಾಗವನ್ನೇ ಹುಡುಕಿ ಗೂಟ ನೆಡುತ್ತಾರೆ. ಇಳಿಜಾರಿನಲ್ಲಿ ಕಣ್ಣಿಗೆ ಕಾಣುವ ದೂರ ಒಂದು, ಬಾಣವನ್ನು ನೆಲವು ಸೆಳೆಯುವ ಲೆಕ್ಕದ ದೂರ ಇನ್ನೊಂದು. ಅದನ್ನು ಮರೆತವನ ಬಾಣ ಗುರಿಯ ಮೇಲಿಂದ ಹಾದುಹೋಗುತ್ತದೆ.

ಎಲ್ಲಕ್ಕಿಂತ ಭಯಂಕರವಾದುದು ಉಕ್ಕಿನ ಜಿಂಕೆ. ದಪ್ಪ ಉಕ್ಕಿನ ತಗಡನ್ನು ಜಿಂಕೆಯ ಆಕಾರಕ್ಕೆ ಕತ್ತರಿಸಿ, ಎದೆಯ ಜಾಗದಲ್ಲಿ ಮಾತ್ರ ಒಂದು ರಂಧ್ರ ಬಿಟ್ಟಿರುತ್ತಾರೆ. ರಂಧ್ರದೊಳಗೆ ಬಾಣ ಹೊಕ್ಕರೆ ಸರಿ. ತಪ್ಪಿದರೆ ಠಣ್ ಎಂಬ ಸದ್ದಿನೊಂದಿಗೆ ಬಾಣ ಚೂರಾಗುತ್ತದೆ, ಸುತ್ತ ನಿಂತವರೆಲ್ಲ ಹೋ ಎಂದು ನಗುತ್ತಾರೆ. ಅದು ದ್ವೇಷದ ನಗೆಯಲ್ಲ, ಅವರೆಲ್ಲರ ಬಾಣಗಳೂ ಅಲ್ಲಿ ಮುರಿದಿರುತ್ತವೆ. ಆದರೂ ಸರದಿ ಬಂದಾಗ ಕೈ ನಡುಗದವರು ವಿರಳ. ನಾನು ಚಳಿಗಾಲವಿಡೀ ಕುಳಿತು ಸೀಡರ್ ಕಡ್ಡಿಗೆ ಗರಿ ಅಂಟಿಸಿ ಸಿದ್ಧಪಡಿಸಿದ ಬಾಣವೊಂದು ಅಲ್ಲಿಯೇ ಎರಡಾಯಿತು.

ಅಂದು ನಮ್ಮ ಮುಂದಿದ್ದ ಹನ್ನೊಂದನೆಯ ಗುರಿ ಒಂದು ಕಂದರದ ಆಚೆಗಿತ್ತು. ಈಚೆ ಅಂಚಿನಲ್ಲಿ ಗೂಟ, ಕೆಳಗೆ ಬಂಡೆಗಳ ನಡುವೆ ಹರಿಯುವ ತೊರೆ, ಆಚೆ ಇಳಿಜಾರಿನ ಮರಗಳ ನೆರಳಿನಲ್ಲಿ ಒಂದು ಕರಡಿ. ತಪ್ಪಿದರೆ ಬಾಣ ಮರಳಿ ಸಿಗುವ ಆಸೆಯಿಲ್ಲ. ನಮ್ಮ ಹಿಂದೆ ಏಳೆಂಟು ಜನ ಸರದಿಗಾಗಿ ಕಾದು ನಿಂತಿದ್ದರು. ನನ್ನ ಮೊದಲ ಬಾಣ ಕರಡಿಯ ಬೆನ್ನ ಮೇಲಿಂದ ಹಾದುಹೋಯಿತು. ಎರಡನೆಯದು ಬಂಡೆಗೆ ಬಡಿಯಿತು. ನಾಚಿಕೆಯಾಯಿತು. ಆ ನಾಚಿಕೆಯನ್ನು ಮರೆಸಲೆಂಬಂತೆ ಮಗಳತ್ತ ತಿರುಗಿ, “ನೀನು ಬಿಡು, ಹೆದರಬೇಡ” ಎಂದೆ. ಅವಳು ತಲೆ ಅಲ್ಲಾಡಿಸಿದಳು. ನಾನು ಒತ್ತಾಯಿಸಿದೆ. “ನನಗೆ ಬೇಡ ಅಪ್ಪಾ” ಎಂದು ಬಿಲ್ಲನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದಳು. ಆ ಮುಖಭಾವ ನನಗೆ ಪರಿಚಿತವಾಗಿತ್ತು. ಎಲ್ಲಿ ಕಂಡಿದ್ದೆನೆಂದು ಆ ಕ್ಷಣಕ್ಕೆ ಹೊಳೆಯಲಿಲ್ಲ.

ಆ ದಾರಿಯ ಗುರಿಗಳನ್ನೆಲ್ಲ ಇಟ್ಟ ಹಿರಿಯರೊಬ್ಬರು ಅಲ್ಲಿಯೇ ಮರಕ್ಕೊರಗಿ ಕುಳಿತಿದ್ದರು. ಅವರು ಎದ್ದು ಬಂದು ಸ್ವಲ್ಪ ಕೆಳಗೆ, ಪೊದೆಯ ಪಕ್ಕದಲ್ಲಿದ್ದ ಇನ್ನೊಂದು ಚಿಕ್ಕ ಗೂಟವನ್ನು ತೋರಿಸಿದರು. ಅದು ಮಕ್ಕಳಿಗೂ ಹೊಸಬರಿಗೂ ಮೀಸಲಾದದ್ದು. ನಾನು ಅದನ್ನು ನೋಡಿಯೂ ನೋಡದಂತಿದ್ದೆನೆಂದು ಒಪ್ಪಿಕೊಳ್ಳಬೇಕು. ನನ್ನ ಮಗಳು ಮಕ್ಕಳ ಗೂಟದಲ್ಲಿ ನಿಲ್ಲುವುದು ನನ್ನ ಅಭಿಮಾನಕ್ಕೆ ಒಪ್ಪಿಗೆಯಾಗಿರಲಿಲ್ಲ. ಅವರು ನಗುತ್ತ ನನಗೆ ಹೇಳಿದ ಮಾತಿನ ಸಾರ ಇಷ್ಟು: “ನೀವು ನಿಂತಿರುವ ಜಾಗದಿಂದ ಕರಡಿಗೆ ಇಪ್ಪತ್ತೆರಡು ಗಜ. ನಿಮ್ಮ ಹಿತ್ತಿಲಲ್ಲಿ ದಿನವೂ ಅಷ್ಟೇ ದೂರಕ್ಕೆ ಬಿಡುತ್ತೀರಿ. ಕರಡಿಯನ್ನು ನಾನು ದೂರ ಇಟ್ಟಿಲ್ಲ. ನಡುವೆ ನೋಡಲು ಏನೇನೋ ಇರುವ ಜಾಗವನ್ನು ಆರಿಸಿದ್ದೇನೆ, ಅಷ್ಟೇ. ಹೊಸ ಮಕ್ಕಳು ಅದನ್ನೆಲ್ಲ ನೋಡಲೆಂದು ನನ್ನ ಉದ್ದೇಶವಲ್ಲ. ಅದಕ್ಕೇ ಎರಡನೆಯ ಗೂಟ.”

ಬಳಿಕ ಮಗಳನ್ನು ಆ ಗೂಟದ ಬಳಿ ನಿಲ್ಲಿಸಿ, ಕರಡಿಯನ್ನು ನೋಡಬೇಡ, ಅದರ ಮೈಮೇಲೆ ನಿನಗಿಷ್ಟವಾದ ಒಂದು ಚುಕ್ಕೆಯನ್ನು ಆರಿಸಿಕೊಂಡು ಅದನ್ನಷ್ಟೇ ನೋಡು ಎಂದರು. ಅವಳ ಮೊದಲ ಬಾಣ ತಪ್ಪಿತು. ಯಾರೂ ಏನೂ ಅನ್ನಲಿಲ್ಲ. ಎರಡನೆಯದು ಕರಡಿಯ ಹಿಂದೊಡೆಗೆ ನಾಟಿತು. ಅತಿ ಕಡಿಮೆ ಅಂಕ. ಆದರೆ ಅವಳು ಹಾರಿ ಕುಣಿದಳು, ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಸಂಜೆ ಕಾರಿನಲ್ಲಿ ಮರಳುವಾಗ ಅವಳು ಕಿಟಕಿಯಾಚೆ ನೋಡುತ್ತ ತನ್ನಷ್ಟಕ್ಕೆ ತಾನು ಎಂಬಂತೆ ಹೇಳಿದಳು: “ಇವತ್ತು ತಪ್ಪಿದರೂ ಯಾರೂ ಬೈಯಲಿಲ್ಲ.”

ಬೆಳಿಗ್ಗೆ ಕಂಡ ಆ ಮುಖಭಾವವನ್ನು ಎಲ್ಲಿ ನೋಡಿದ್ದೆನೆಂದು ಆಗ ನನಗೆ ತಿಳಿಯಿತು. ಅದು ನಮ್ಮ ಮನೆಯ ದೇವರ ಜಗಲಿಯ ಮುಂದೆ ಕಂಡ ಮುಖ.

ಎಂಟನೆಯ ವಯಸ್ಸಿನಲ್ಲಿ, ಊರಿಗೆ ಹೋಗಿದ್ದಾಗ, ಮಗಳಿಗೆ ಲಿಂಗದೀಕ್ಷೆಯಾಯಿತು. ನಾಲ್ಕು ವರ್ಷ ನನ್ನ ಪಕ್ಕದಲ್ಲಿ ಕುಳಿತು ಇಷ್ಟಲಿಂಗ ಪೂಜೆ ಮಾಡಿದಳು. ಅನಂತರ ಕ್ರಮೇಣ ನಿಲ್ಲಿಸಿದಳು. ಅವಳ ಕರಡಿಗೆ ಶಿವದಾರದೊಂದಿಗೆ ಜಗಲಿಯ ಮೂಲೆಯಲ್ಲಿ ಉಳಿಯಿತು. ಈ ದೇಶದ ಗಾಳಿ, ಗೆಳತಿಯರ ಸಹವಾಸ, ಕೈಯಲ್ಲಿನ ಫೋನು, ಹೀಗೆ ನಾನು ಎಲ್ಲವನ್ನೂ ದೂರಿದೆ. ನನ್ನನ್ನು ಮಾತ್ರ ದೂರಿಕೊಳ್ಳಲಿಲ್ಲ. ಈಗ ಲೆಕ್ಕ ಹಾಕಿದರೆ, ಆ ಲಿಂಗಕ್ಕೂ ಆ ಮಗುವಿಗೂ ನಡುವೆ ನಾನು ಇಟ್ಟದ್ದು ಒಂದೆರಡಲ್ಲ. ಆರು ಗಂಟೆಯೊಳಗೆ ಸ್ನಾನವಾಗಿರಬೇಕು. ಬೆನ್ನು ಬಾಗಬಾರದು. ವಚನಗಳನ್ನು ಪುಸ್ತಕ ನೋಡದೆ ಹೇಳಬೇಕು. ಲಕಾರ ಳಕಾರ ತಪ್ಪಿದರೆ ಮೊದಲಿನಿಂದ ಮತ್ತೆ ಹೇಳಬೇಕು. ಊರಿನಿಂದ ಅವ್ವ ಫೋನಿನಲ್ಲಿ “ಮೊಮ್ಮಗಳು ಲಿಂಗ ಕಟ್ಟಿಕೊಂಡಾಳೇನು?” ಎಂದು ಕೇಳಿದರೆ, ಅವಳು ಕೇಳಿಸಿಕೊಳ್ಳುವಂತೆಯೇ ನಿಟ್ಟುಸಿರು ಬಿಡಬೇಕು. ಇಲ್ಲಿನ ನಮ್ಮ ಬಳಗದ ಬಸವ ಜಯಂತಿಯಲ್ಲಿ ಇತರರ ಮಕ್ಕಳು ವಚನ ಹೇಳಿದಾಗ ಅವಳತ್ತ ನೋಡಬೇಕು. ಒಂದೊಂದೂ ಒಂದೊಂದು ಮರ, ಒಂದೊಂದು ಬಂಡೆ. ತಪ್ಪಿದಾಗ ಠಣ್ ಎನ್ನುವ ಉಕ್ಕಿನ ತಗಡು ನಾನೇ ಆಗಿದ್ದೆ.

ಬಂಧುಗಳೇ, ಅಪ್ಪ ಬಸವಣ್ಣನವರು ಮತ್ತು ಶಿವಶರಣರು ಹನ್ನೆರಡನೆಯ ಶತಮಾನದಲ್ಲಿ ಮಾಡಿದ ಮಹತ್ಕಾರ್ಯವನ್ನು ಈ ದೃಷ್ಟಿಯಿಂದ ನೋಡಿರಿ. ಅಂದು ದೇವರು ಗರ್ಭಗುಡಿಯೊಳಗಿದ್ದ. ಅವನಿಗೂ ಸಾಮಾನ್ಯನಿಗೂ ನಡುವೆ ಹೊಸ್ತಿಲಿತ್ತು, ಕುಲವಿತ್ತು, ತಿಳಿಯದ ಭಾಷೆಯಿತ್ತು, ಪೂಜಾರಿಯಿದ್ದ. ಶರಣರು ಆ ಗುರಿಯನ್ನು ಎತ್ತಿ ತಂದು ಪ್ರತಿಯೊಬ್ಬನ ಎಡ ಅಂಗೈಯಲ್ಲಿ ಇಟ್ಟರು. ಮಡಿವಾಳ ಮಾಚಿದೇವರ ಅಂಗೈಗೂ ಅದೇ, ಅಂಬಿಗರ ಚೌಡಯ್ಯನವರ ಅಂಗೈಗೂ ಅದೇ, ಬಿದಿರಿನ ಕಾಯಕದ ಮೇದಾರ ಕೇತಯ್ಯನವರ ಅಂಗೈಗೂ ಅದೇ. ಕಣ್ಣಿಗೂ ಅಂಗೈಗೂ ಇರುವ ಅಂತರ ಒಂದು ಮೊಳವೂ ಇಲ್ಲ. ಜಗತ್ತಿನಲ್ಲಿ ಇದಕ್ಕಿಂತ ಹತ್ತಿರದ ಗುರಿಯುಂಟೇ? ಅವರು ಅಂಗೈಗೆ ತಂದುಕೊಟ್ಟದ್ದನ್ನು ನಾನು ನನ್ನ ಮಗಳಿಂದ ಕಸಿದು ಕಂದರದ ಆಚೆಗೆ ಇಟ್ಟಿದ್ದೆ. ಇಟ್ಟು, ಅವಳಿಗೆ ಶ್ರದ್ಧೆಯಿಲ್ಲವೆಂದು ದೂರಿದ್ದೆ.

ಹಾಗಾದರೆ ಕಠಿಣ ಪರೀಕ್ಷೆಯೇ ಬೇಡವೇ? ಹಾಗಲ್ಲ. ಅಕ್ಕ ಮಹಾದೇವಿಯವರು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಅನುಭವ ಮಂಟಪದ ಸಭೆಯ ನಡುವೆ ಅವರನ್ನು ಎಂತಹ ನಿಷ್ಠುರ ಪ್ರಶ್ನೆಗಳಿಂದ ಎದುರುಗೊಂಡರೆಂಬುದನ್ನು ಶೂನ್ಯಸಂಪಾದನೆಯಲ್ಲಿ ಓದಿದ್ದೇವೆ. ಅದು ಉಕ್ಕಿನ ಜಿಂಕೆಗಿಂತ ಕಠಿಣವಾದ ಗುರಿ. ಆದರೆ ಪ್ರಭುಗಳು ಆ ಪ್ರಶ್ನೆಗಳನ್ನು ಇಟ್ಟದ್ದು ಅರಮನೆಯನ್ನೇ ತೊರೆದು ಬಂದ, ಪಕ್ವವಾದ ವೈರಾಗ್ಯದ ಮುಂದೆ. ಅಕ್ಕನ ನಿಲುವು ಸಭೆಗೆಲ್ಲ ಕಾಣಲೆಂಬುದು ಅದರ ಫಲ. ಈಗಷ್ಟೇ ಬಿಲ್ಲು ಹಿಡಿದ ಮಗುವಿನ ಮುಂದೆ ಅದನ್ನು ಇಟ್ಟವರಲ್ಲ. ಷಟ್‌ಸ್ಥಲದ ಅರ್ಥವೂ ಇದೇ ಅಲ್ಲವೇ? ಭಕ್ತಸ್ಥಲ ಮೊದಲು, ಐಕ್ಯಸ್ಥಲ ಕೊನೆಗೆ. ಲಿಂಗ ಒಂದೇ, ನಿಲ್ಲುವ ನೆಲೆ ಆರು. ಭಕ್ತನ ನೆಲೆಯಲ್ಲಿ ನಿಂತವನು ಐಕ್ಯನ ನೆಲೆಯಲ್ಲಿಲ್ಲವೆಂದು ಶರಣರು ಯಾರನ್ನೂ ಹೊರಗೆ ನೂಕಲಿಲ್ಲ.

ಬಿಲ್ಲಿನ ಮಾತು ಬಂದಾಗ ನಮ್ಮ ಪುರಾತನರಲ್ಲಿ ಒಬ್ಬರಾದ ಬೇಡರ ಕಣ್ಣಪ್ಪನನ್ನು ನೆನೆಯದಿರಲಾಗದು. ಅವನಿಗೆ ಪೂಜೆಯ ಕ್ರಮ ತಿಳಿದಿರಲಿಲ್ಲ. ಬಾಯಲ್ಲಿ ತಂದ ನೀರೇ ಅಭಿಷೇಕವಾಯಿತು. ಶಿವನ ಒಂದು ಕಣ್ಣಿಗೆ ತನ್ನ ಕಣ್ಣನ್ನು ಕಿತ್ತಿಟ್ಟ ಮೇಲೆ, ಎರಡನೆಯದನ್ನೂ ಕಿತ್ತರೆ ಜಾಗ ಕಾಣದೆಂದು ಕಾಲಿನಿಂದ ಗುರುತು ಹಿಡಿದನಂತೆ. ಆ ಬೇಡನ ಕಾಲನ್ನು ನೋಡಿದ್ದರೆ ನಾನು ಖಂಡಿತವಾಗಿ ಬೈಯುತ್ತಿದ್ದೆ. ಶಿವನು ನೋಡಿದ್ದು ಬೇರೆಯದನ್ನು.

ಮರುದಿನ ಬೆಳಿಗ್ಗೆ ನಾನು ಮಗಳನ್ನು ಕರೆಯಲಿಲ್ಲ. ನನ್ನಷ್ಟಕ್ಕೆ ಕುಳಿತೆ. ಅಂಗೈಯ ಲಿಂಗದಲ್ಲಿ ದೃಷ್ಟಿ ನೆಟ್ಟಾಗ, ಇಷ್ಟು ವರ್ಷಗಳಲ್ಲಿ ನನ್ನ ಅರ್ಧ ದೃಷ್ಟಿ ಪಕ್ಕದಲ್ಲಿ ಕುಳಿತವಳ ಬೆನ್ನಿನ ಮೇಲೆಯೇ ಇತ್ತೆಂಬುದು ಅರಿವಾಯಿತು. ನನ್ನ ಬಾಣವೂ ಗುರಿ ಮುಟ್ಟಿರಲಿಲ್ಲ. ಆ ವಾರ ಅವ್ವನ ಫೋನು ಬಂದಾಗ, “ಕಟ್ಟಿಕೊಂಡಾಗ ಕಟ್ಟಿಕೊಳ್ಳುತ್ತಾಳೆ ಅವ್ವಾ, ನೀವು ಅವಳಿಗೆ ಕಣ್ಣಪ್ಪನ ಕಥೆ ಹೇಳಿರಿ” ಎಂದೆ. ಅವ್ವ ಹೇಳಿದರು. ಮಗಳು ಅರ್ಧ ಗಂಟೆ ಕೇಳಿದಳು.

ಹತ್ತು ಹನ್ನೆರಡು ದಿನಗಳ ಬಳಿಕ ಒಂದು ಭಾನುವಾರ, ಸಾಕಷ್ಟು ತಡವಾಗಿ, ಒದ್ದೆ ಕೂದಲಿನಲ್ಲೇ ಬಂದು ಪಕ್ಕದಲ್ಲಿ ಕುಳಿತಳು. ಕರಡಿಗೆಯಿಂದ ಲಿಂಗವನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡಳು. ಒಂದು ವಚನ ಹೇಳಿದಳು, ಮೂರನೆಯ ಸಾಲಿನಲ್ಲಿ ತಡವರಿಸಿದಳು. ಬಾಯಿಗೆ ಬಂದ ತಿದ್ದುಪಡಿಯನ್ನು ನಾನು ನುಂಗಿಕೊಂಡೆ. ಐದು ನಿಮಿಷ ಕುಳಿತು ಎದ್ದುಹೋದಳು. ಈಗಲೂ ಕೆಲವು ದಿನ ಬರುತ್ತಾಳೆ, ಕೆಲವು ದಿನ ಬರುವುದಿಲ್ಲ. ನಾನು ಲೆಕ್ಕ ಇಡುವುದನ್ನು ಬಿಟ್ಟಿದ್ದೇನೆ.

ಹೊರದೇಶಗಳಲ್ಲಿಯೂ ನಾಡಿನಲ್ಲಿಯೂ ಮಕ್ಕಳನ್ನು ಬೆಳೆಸುತ್ತಿರುವ ಶರಣ ಬಂಧುಗಳಲ್ಲಿ ನನ್ನದೊಂದೇ ಬಿನ್ನಹ. ಮಕ್ಕಳು ಲಿಂಗದಿಂದ ದೂರ ಸರಿದರೆಂದು ನೊಂದುಕೊಳ್ಳುವ ಮುನ್ನ, ನಡುವೆ ನಾವು ಇಟ್ಟಿರುವ ಮರಗಳನ್ನೂ ಬಂಡೆಗಳನ್ನೂ ಒಮ್ಮೆ ಎಣಿಸೋಣ. ಚಿಕ್ಕ ಗೂಟವೊಂದನ್ನು ನೆಡೋಣ. ತಪ್ಪಿದ ಬಾಣಕ್ಕೆ ಬೈಯದಿರೋಣ.

ತಪ್ಪಿದ್ದರೆ ಹಿರಿಯರು ಮನ್ನಿಸಬೇಕು.