ಕೊಪ್ಪರಿಗೆ ಬೆಲ್ಲ

ಸಿಹಿ ವಿಷಯದಲ್ಲಿ ನಾನು ಇರುವೆ ಜಾತಿಯವನು. ಹೋಳಿಗೆ, ಕಜ್ಜಾಯ, ಗಸಗಸೆ ಪಾಯಸ, ಯಾವುದನ್ನೂ ಇವತ್ತಿನವರೆಗೆ ಸಾಕು ಅಂದವನಲ್ಲ. ಮಂಡ್ಯ ಸೀಮೆಯ ಹುಡುಗ, ಈ ಹುಚ್ಚು ಹಿಡಿಸಿದ್ದು ಊರಾಚೆಯ ಆಲೆಮನೆ.

ಸ್ಕೂಲ್ ಬಿಟ್ಟವರೇ ಅಲ್ಲಿಗೆ ಓಡ್ತಿದ್ವಿ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಎರಡು ಮೂರು ಗಂಟೆ ಕುದೀಬೇಕು. ಜಜ್ಜಿದ ಬೆಂಡೆ ಗಿಡದ ಲೋಳೆ ಬಿಟ್ಟರೆ ಕೊಳೆಯೆಲ್ಲ ನೊರೆ ಕಟ್ಟಿ ಮೇಲೆ ಬರೋದು, ಅದನ್ನ ತೆಗೆದು ಹಾಕೋರು. ಪಾಕ ಹದಕ್ಕೆ ಬಂತಾ ಅಂತ ನೋಡೋಕೆ ತಣ್ಣೀರಿಗೆ ಒಂದು ತೊಟ್ಟು. ಬೆರಳಲ್ಲಿ ಉಂಡೆ ಕಟ್ಟಿದ್ರೆ ಸರಿ, ಕೊಪ್ಪರಿಗೆ ಇಳಿಸೋದೇ. ನಮ್ಮ ಕೈಯಲ್ಲಿ ಅರ್ಧ ಕೊಬ್ಬರಿ ಗಿಟುಕು ರೆಡಿ ಇರೋದು. ಅದರೊಳಗೆ ಒಂದು ಸೌಟು ಬಿಸಿ ಪಾಕ! ಆರೋವರೆಗೂ ಕಾಯೋ ತಾಳ್ಮೆ ಯಾರಿಗಿತ್ತು? ತುಟಿ ಸುಟ್ಟುಕೊಂಡೇ ಮನೆಗೆ ಬರ್ತಿದ್ವಿ.

ಈಗ ನಾನೇ ಬೆಲ್ಲ ಮಾಡಿ ಮಾರ್ತೀನಿ. 100 ಕೆಜಿ ಕಬ್ಬು ಅರೆದರೆ ಸುಮಾರು 10 ಕೆಜಿ ಬೆಲ್ಲ. ಪೇಟೆಯವರಿಗೆ ಬಂಗಾರದ ಬಣ್ಣ ಬೇಕು, ಅದಕ್ಕೆ ಹೈಡ್ರೋಸ್ ಸುರೀಬೇಕು. ನಾನು ಹಾಕಲ್ಲ, ಹಾಗಾಗಿ ನಮ್ಮದು ಕಂದು. ಮಂಡಿಯಲ್ಲಿ ಮೂಗು ಮುರೀತಾರೆ, ಮುರೀಲಿ ಬಿಡಿ.

ಫೋನ್ ಮಾಡೋರು ಕೇಳೋದು ಒಂದೇ: "ಶುಗರ್ ಇರೋರು ಬೆಲ್ಲ ತಿನ್ನಬಹುದಲ್ವಾ?" ಬೇಡ ಅಂತೀನಿ. ಒಂದಿಷ್ಟು ಖನಿಜಾಂಶ ಇರಬಹುದು, ಆದರೆ ಬೆಲ್ಲದಲ್ಲಿ ಇರೋದು ಬಹುಪಾಲು ಸಕ್ಕರೆಯೇ ಕಣ್ರೀ, ರಕ್ತಕ್ಕೆ ಅದರ ಬಣ್ಣ ಕಾಣಲ್ಲ. ಹೀಗಂದಿದ್ದಕ್ಕೆ ಹೋದ ಸಲ ಇಬ್ಬರು ಆರ್ಡರ್ ವಾಪಸ್ ತಗೊಂಡ್ರು. ಅವರಿಗೆ ಬೇರೆ ಮಾತು ಹೇಳಬಹುದಿತ್ತು. ಆದರೆ ಮನೇಲೇ ಅಮ್ಮ ಇದ್ದಾಳೆ. 12 ವರ್ಷದಿಂದ ಶುಗರ್, ಕಾಲಿನ ಗಾಯ ಒಂದು ಸಲ ನಾಲ್ಕು ತಿಂಗಳು ಮಾಯಲಿಲ್ಲ. ದಿನಾ ಡ್ರೆಸ್ಸಿಂಗ್ ಮಾಡಿದವನು ನಾನು.

ಬಿಸಿ ರಾಗಿ ರೊಟ್ಟಿ ಮೇಲೆ ಬೆಲ್ಲ ಪುಡಿ ಮಾಡಿ ತುಪ್ಪ ಸುರಿದು ನಮಗೆ ತಿನ್ನಿಸಿದವಳು ಅವಳೇ. ಈಗ ಹಬ್ಬದಲ್ಲೂ ಹೋಳಿಗೆ ಮುಟ್ಟಲ್ಲ. ವರ್ಷಕ್ಕೊಂದೇ ಸಲ, ಮೊದಲ ಕೊಪ್ಪರಿಗೆ ಇಳಿದ ದಿನ, ಸಾಸಿವೆ ಕಾಳಿನಷ್ಟು ಬೆಲ್ಲ ನಾಲಿಗೆ ಮೇಲಿಟ್ಟುಕೊಂಡು ಯಾವ ಗದ್ದೆ ಕಬ್ಬು ಅಂತ ಹೇಳ್ತಾಳೆ.

ಈ ಸಲ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ಲು. "ಕೆಳಗದ್ದೇದು. ಉಪ್ಪು ಬಡೀತದೆ, ಚೌಳು ಏರ್ತಾ ಅದೆ ನೋಡ್ಕೊ" ಅಂದ್ಲು. ಕೆಳಗದ್ದೆಯದೇ ಆಗಿತ್ತು.

ಬೇಸಿಗೇಲಿ ಅಲ್ಲಿ ಬಸಿಗಾಲುವೆ ತೆಗೆಸ್ತೀನಿ. ಬರೋ ವರ್ಷ ಆ ಗದ್ದೆಗೆ ಭತ್ತ.